ಹೋಟೆಲಿನ ಕಾಫಿಯೂ ಉಷ್ಣಮಾಪಕವೂ

ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ 1923ರಲ್ಲಿ ಉತ್ಪಾದನೆ ಆರಂಭವಾಯಿತು. ಅಂದಿನಿಂದ ಆ ಊರಿನ ಅನೇಕ ಮನೆಗಳಲ್ಲಿ ಉಷ್ಣತೆಯೆಂಬುದು ಕೇವಲ ಪಾಠಪುಸ್ತಕದ ಶಬ್ದವಾಗಿ ಉಳಿಯಲಿಲ್ಲ. ಅದು ಅನ್ನದ ಪ್ರಶ್ನೆಯಾಯಿತು. ಬೀಡುಕಬ್ಬಿಣ ಕರಗುವುದಕ್ಕೆ ಸುಮಾರು 1150 ಡಿಗ್ರಿ ಸೆಂಟಿಗ್ರೇಡಿಗೂ ಮೇಲಿನ ಕಾವು ಬೇಕು. ಎರಕ ಹೊಯ್ಯುವಾಗ ಕಾವು ಹೆಚ್ಚಾದರೂ ಕೇಡು, ಕಡಮೆಯಾದರೂ ಕೇಡು ಎಂಬುದನ್ನು ಕುಲುಮೆಯ ಬಳಿ ದುಡಿದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಅಂಥವರೇ ಹೋಟೆಲಿಗೆ ಹೋಗಿ ಕುಳಿತಾಗ, ಮಾಣಿ ತಂದಿಡುವ ಕಾಫಿಯ ಉಷ್ಣತೆ ಎಷ್ಟೆಂದು ಅವರೂ ಕೇಳುವುದಿಲ್ಲ, ಹೋಟೆಲಿನ ಯಜಮಾನರೂ ಹೇಳಲಾರರು. ಅಲ್ಲಿ ನಮಗಿರುವುದು ಎರಡೇ ಅಳತೆ: ಒಂದು 'ಬಿಸಿಯಾಗಿದೆ', ಇನ್ನೊಂದು 'ಆರಿಹೋಗಿದೆ'. ಈ ಅಳತೆ ಸಾಲದು ಎಂಬುದು ನನ್ನ ವಾದ.

ಇದು ನಮ್ಮವರ ದೋಷ ಮಾತ್ರವೆಂದು ತಿಳಿಯಬೇಕಾಗಿಲ್ಲ. ಯೂರೋಪಿನ ಭೋಜನಶಾಲೆಗಳಲ್ಲಿ ಕೆಂಪು ದ್ರಾಕ್ಷಾಮದ್ಯವನ್ನು 'ಕೋಣೆಯ ಉಷ್ಣತೆ'ಯಲ್ಲಿ ಕೊಡಬೇಕೆಂಬ ಹಳೆಯ ಕಟ್ಟಳೆಯೊಂದುಂಟು. ಆ ಕೋಣೆ ಯಾವುದು? ಮನೆಯನ್ನೆಲ್ಲ ಬೆಚ್ಚಗಿಡುವ ಯಂತ್ರಗಳು ಬರುವುದಕ್ಕೆ ಮುಂಚಿನ, 16ರಿಂದ 18 ಡಿಗ್ರಿಯ, ಚಳಿದೇಶದ ಕೋಣೆ. ಬೇಸಗೆಯಲ್ಲಿ 35 ಡಿಗ್ರಿಯನ್ನು ಮೀರುವ ಶಿವಮೊಗ್ಗದಲ್ಲಿ ಆ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದರೆ, ಮದ್ಯಸಾರದ ಆವಿಯೇ ಮುಂದಾಗಿ ಹಣ್ಣಿನ ಪರಿಮಳ ಮುಚ್ಚಿಹೋಗುತ್ತದೆ. ಅಂಕಿ ಇಲ್ಲದ ಮಾತು ಊರಿಂದೂರಿಗೆ ಹೋದಂತೆ ಅರ್ಥ ಬದಲಾಯಿಸುತ್ತದೆ. ಅಲ್ಲಿ ಕೆಡುವುದು ರುಚಿ ಮಾತ್ರ. ನಮ್ಮ ಕಾಫಿಯ ವಿಷಯದಲ್ಲಿ ಕೆಡಬಹುದಾದದ್ದು ಅನ್ನನಾಳ.

2016ರ ಜೂನ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು ಒಂದು ತೀರ್ಮಾನವನ್ನು ಪ್ರಕಟಿಸಿತು. ಕಾಫಿಯೆಂಬ ಪಾನೀಯದ ಮೇಲೆ 1991ರಲ್ಲಿ ಹೊರಿಸಿದ್ದ ಸಂಶಯವನ್ನು ಅದು ಹಿಂದಕ್ಕೆ ತೆಗೆದುಕೊಂಡಿತು. ಆದರೆ ಯಾವ ಪಾನೀಯವೇ ಆಗಲಿ, 65 ಡಿಗ್ರಿಯನ್ನು ಮೀರಿದ ಬಿಸಿಯಲ್ಲಿ ಕುಡಿದರೆ ಅದು ಅನ್ನನಾಳದ ಅರ್ಬುದಕ್ಕೆ, ಅಂದರೆ ಕ್ಯಾನ್ಸರಿಗೆ, ಪ್ರಾಯಶಃ ಕಾರಣವಾಗುತ್ತದೆಂದು ಹೇಳಿತು. ಅಪರಾಧಿ ಕಾಫಿಯಲ್ಲ, ಕಾವು! ಇರಾನಿನ ಈಶಾನ್ಯಕ್ಕಿರುವ ಗೋಲೆಸ್ತಾನ್ ಪ್ರಾಂತದಲ್ಲಿ ಸುಮಾರು 50 ಸಾವಿರ ಜನರನ್ನು ಹಲವು ವರ್ಷಗಳ ಕಾಲ ಗಮನಿಸಿ, ಅವರು ಕುಡಿಯುವ ಚಹದ ಉಷ್ಣತೆಯನ್ನು ಉಷ್ಣಮಾಪಕದಿಂದಲೇ ಅಳೆದರು. 60 ಡಿಗ್ರಿ ಅಥವಾ ಅದಕ್ಕಿಂತ ಬಿಸಿಯಾದ ಚಹವನ್ನು ದಿನಕ್ಕೆ 700 ಮಿಲಿಲೀಟರಿಗಿಂತ ಹೆಚ್ಚಾಗಿ ಕುಡಿಯುವವರಲ್ಲಿ, ಕಡಮೆ ಬಿಸಿಯಾಗಿ ಕಡಮೆ ಕುಡಿಯುವವರಿಗಿಂತ, ಈ ರೋಗದ ಸಂಭವ ಸುಮಾರು ಶೇಕಡ 90ರಷ್ಟು ಹೆಚ್ಚೆಂದು 2019ರಲ್ಲಿ ಪ್ರಕಟವಾದ ವರದಿ ತಿಳಿಸಿತು. ಇದನ್ನು ಓದಿ ಗಾಬರಿಪಡಬೇಕಾದುದಿಲ್ಲ. ತಂಬಾಕು ಮಾಡುವ ಹಾನಿ ಇದಕ್ಕಿಂತ ಬಹಳ ದೊಡ್ಡದು. ಆದರೂ ಬಿಡಿಕಾಸು ಖರ್ಚಿಲ್ಲದೆ ದೂರಮಾಡಬಹುದಾದ ಅಪಾಯವನ್ನು ದಿನಕ್ಕೆ ನಾಲ್ಕು ಬಾರಿ ನುಂಗುವುದೇಕೆ?

ನಾಲಗೆ ಎಚ್ಚರಿಸುವುದಿಲ್ಲವೇ ಎಂದು ಕೇಳಬಹುದು. ಎಚ್ಚರಿಸುತ್ತದೆ, ಆದರೆ ಅದನ್ನು ನಂಬುವಂತಿಲ್ಲ. ಸುಮಾರು 43 ಡಿಗ್ರಿಯನ್ನು ದಾಟಿದ ಕಾವನ್ನು 'ಉರಿ' ಎಂದು ಮೆದುಳಿಗೆ ತಿಳಿಸುವ ಗ್ರಾಹಕವೊಂದು ನಮ್ಮ ನರಗಳಲ್ಲಿದೆ. ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು 1997ರಲ್ಲಿ ಇದನ್ನು ಗುರುತಿಸಿದರು. 2021ರ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸರಿಗೆ ಪಾಲು ಬಂದುದು ಇದಕ್ಕಾಗಿಯೇ. ಸ್ವಾರಸ್ಯವೆಂದರೆ ಮೆಣಸಿನಕಾಯಿಯ ಖಾರವನ್ನು ಅರಿಯುವುದೂ ಇದೇ ಗ್ರಾಹಕ. ಮಸಾಲೆದೋಸೆಯ ಕೆಂಪು ಚಟ್ನಿಯನ್ನು ಸವಿದ ಬಾಯಿಗೆ ಕಾಫಿ ಇನ್ನಷ್ಟು ಸುಡುವುದೇಕೆಂದು ವಾಚಕರು ಈಗ ಊಹಿಸಬಲ್ಲರು. ಇನ್ನು ದಿನವೂ ಸುಡುಬಿಸಿಯನ್ನು ಗುಟುಕರಿಸಿ ರೂಢಿಯಾದವರಿಗೆ ಆ ಉರಿಯೇ ರುಚಿಯಾಗಿಬಿಡುತ್ತದೆ. ಒಟ್ಟಿನಲ್ಲಿ ನಾಲಗೆ ಉಷ್ಣಮಾಪಕವಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಇಬ್ಬರು ಎಂಜಿನಿಯರುಗಳು ಸುಟ್ಟಗಾಯದ ಭಯವನ್ನೂ ಕುಡಿಯುವವರ ಇಷ್ಟವನ್ನೂ ಒಟ್ಟಿಗೆ ತೂಗಿ ಲೆಕ್ಕಹಾಕಿ, ಬಿಸಿ ಪಾನೀಯಕ್ಕೆ ಸುಮಾರು 58 ಡಿಗ್ರಿ ಯುಕ್ತವೆಂದು 2008ರಲ್ಲಿ ಬರೆದರು. ನನ್ನ ಮಟ್ಟಿಗೆ 60 ಆದರೂ ಸರಿಯೆ. ಮಲೆನಾಡಿನ ಮಳೆಗಾಲಕ್ಕೆ ಎರಡು ಡಿಗ್ರಿಯ ರಿಯಾಯಿತಿ ಸಲ್ಲಬೇಕು.

ಈ 60 ಡಿಗ್ರಿಯನ್ನು ಮುಟ್ಟುವ ಉಪಾಯ ನಮ್ಮಲ್ಲಿ ಹಿಂದಿನಿಂದಲೂ ಇದೆ. ಅದೇ ಲೋಟದ ಜೊತೆಯ ಬಟ್ಟಲು. ವಿದ್ಯಾರ್ಥಿಗಳು ಒಂದು ಲೆಕ್ಕವನ್ನು ಮಾಡಿನೋಡಲಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ನೀರು 98 ಡಿಗ್ರಿಯ ಹತ್ತಿರ ಕುದಿಯುತ್ತದೆ. ಕುದಿಯುವ ಹಾಲಿಗೆ ಡಿಕಾಕ್ಷನ್ ಬೆರೆಸಿ ಲೋಟಕ್ಕೆ ಹೊಯ್ದಾಗ 80 ಡಿಗ್ರಿ ಉಳಿಯಿತೆಂದು ಹಿಡಿಯೋಣ. ಕಾಫಿ 100 ಗ್ರಾಂ. ಬಟ್ಟಲಿನ ತೂಕ 100 ಗ್ರಾಂ, ಅದರ ಉಷ್ಣತೆ 30 ಡಿಗ್ರಿ. ಉಕ್ಕಿನ ವಿಶಿಷ್ಟೋಷ್ಣ ನೀರಿನದರ ಸುಮಾರು 0.12 ಪಾಲು. ಆದ್ದರಿಂದ ಬಟ್ಟಲು ಶಾಖವನ್ನು ಹೀರುವ ವಿಷಯದಲ್ಲಿ 12 ಗ್ರಾಂ ನೀರಿಗೆ ಸಮ. ಕಾಫಿಯನ್ನು ಬಟ್ಟಲಿಗೆ ಸುರಿದ ಮಾತ್ರಕ್ಕೆ ಎರಡೂ ಸೇರಿ 75 ಡಿಗ್ರಿಯ ಸಮೀಪಕ್ಕೆ ಬರುತ್ತವೆ. ಮುಂದಿನ ಕೆಲಸ ಆವಿಯದು. ಒಂದು ಗ್ರಾಂ ನೀರು ಈ ಉಷ್ಣತೆಯಲ್ಲಿ ಆವಿಯಾಗಲು ಸುಮಾರು 560 ಕ್ಯಾಲೊರಿ ಗುಪ್ತೋಷ್ಣವನ್ನು ಕೊಂಡೊಯ್ಯುತ್ತದೆ. ಅಂದರೆ ಒಂದು ಗ್ರಾಮಿಗೆ ಐದು ಡಿಗ್ರಿ ಇಳಿತ. ಲೋಟದಿಂದ ಬಟ್ಟಲಿಗೆ, ಬಟ್ಟಲಿನಿಂದ ಲೋಟಕ್ಕೆ ಎತ್ತಿ ಸುರಿಯುವಾಗ ಕಾಫಿಯ ಮೈ ಹರಡಿಕೊಂಡು ಹೊಸ ಗಾಳಿಗೆ ತೆರೆದುಕೊಳ್ಳುತ್ತದೆ. ಹೀಗೆ ಎರಡು ಗ್ರಾಂ ಆವಿ ಹೋದರೆ 65ರ ಸನಿಹಕ್ಕೆ ಬಂದೆವು. ಇನ್ನೊಂದು ಗ್ರಾಂ ಹೋದರೆ 60.

ಖೇದದ ಸಂಗತಿಯೆಂದರೆ, ಈ ಬಟ್ಟಲೇ ಮೇಜಿನಿಂದ ಮರೆಯಾಗುತ್ತಿದೆ. ನಿಂತು ತಿನ್ನುವ ಹೋಟೆಲುಗಳಲ್ಲಿ ಬರಿಯ ಲೋಟ. ಬಸ್ ನಿಲ್ದಾಣಗಳ ಸುತ್ತಮುತ್ತ ಕಾಗದದ ಲೋಟ, ಕೆಲವೆಡೆ ಅದಕ್ಕೊಂದು ಮುಚ್ಚಳ. ಉಕ್ಕಿನ ಲೋಟವಾದರೆ ಒಳಗಿನ ಬಿಸಿಯನ್ನು ಬೆರಳಿಗೆ ಪ್ರಾಮಾಣಿಕವಾಗಿ ಹೇಳುತ್ತದೆ. ಕಾಗದ ಮಂದ ಉಷ್ಣವಾಹಕವಾದುದರಿಂದ ಕೈಗೆ ಹಿತವಾಗಿದ್ದು ಬಾಯಿಗೆ ಮೋಸಮಾಡುತ್ತದೆ. ಮುಚ್ಚಳವಂತೂ ಆವಿಗೆ ದಾರಿಯನ್ನೇ ಕಟ್ಟಿಬಿಡುತ್ತದೆ. ಭದ್ರಾವತಿಯಿಂದ ಶಿವಮೊಗ್ಗದ ಕಾಲೇಜಿಗೆ ಬರುವ ವಿದ್ಯಾರ್ಥಿ ಬಸ್ಸು ಹೊರಡುವ ಎರಡು ನಿಮಿಷದೊಳಗೆ ಇದನ್ನು ಕುಡಿದು ಮುಗಿಸಬೇಕು. ಅವನು ಆರಿಸಿಕೊಳ್ಳಲು ಕಾಲವೂ ಇಲ್ಲ, ಪಾತ್ರೆಯೂ ಇಲ್ಲ.

ಹೋಟೆಲಿನವರು ಹೇಳುವ ಒಂದು ಮಾತಿನಲ್ಲಿ ಸತ್ಯವಿದೆ. ಹಾಲನ್ನು ಬೆಚ್ಚಗೆ ಮಾತ್ರ ಇಟ್ಟರೆ ರೋಗಾಣುಗಳು ಬೆಳೆಯುತ್ತವೆ. ಆಹಾರವನ್ನು ಬಿಸಿಯಾಗಿ ಕಾಯ್ದಿಡುವುದಾದರೆ 65 ಡಿಗ್ರಿಗೆ ಕಡಮೆಯಿರಬಾರದು. ಸರಿಯೆ. ಆದರೆ ಕಾಯ್ದಿಡುವ ಉಷ್ಣತೆ ಬೇರೆ, ಕುಡಿಯುವ ಉಷ್ಣತೆ ಬೇರೆ. ಒಲೆಯ ಮೇಲಿನ ಹಾಲು ಕುದಿಯುತ್ತಲೇ ಇರಲಿ. ತಣಿಯಬೇಕಾದದ್ದು ಒಲೆಗೂ ತುಟಿಗೂ ನಡುವೆ. ಎತ್ತಿ ಸುರಿದರೆ ಪರಿಮಳ ಹಾರಿಹೋಗುತ್ತದೆಂಬ ಆಕ್ಷೇಪವನ್ನೂ ಕೇಳಿದ್ದೇನೆ. ಸ್ವಲ್ಪ ಹೋಗುವುದು ನಿಜ. ಸುಟ್ಟ ನಾಲಗೆಗೆ ಉಳಿದ ಪರಿಮಳದಿಂದ ಏನು ಪ್ರಯೋಜನವೆಂದು ಮಾತ್ರ ಅವರು ಹೇಳುವುದಿಲ್ಲ.

ಆದುದರಿಂದ ಶಿವಮೊಗ್ಗ ಭದ್ರಾವತಿಗಳ ಹೋಟೆಲುಗಳವರಲ್ಲಿ ನಾನು ಕೇಳುವುದು ಇಷ್ಟೆ. ಪಾಕಶಾಲೆಯಲ್ಲಿ ಆಹಾರಕ್ಕೆಂದೇ ಮಾಡಿದ, ಪಾದರಸವಿಲ್ಲದ ಉಷ್ಣಮಾಪಕವೊಂದಿರಲಿ. ಕಾಫಿ ಮಾಡುವವರು ದಿನಕ್ಕೆರಡು ಬಾರಿ ಲೋಟದಲ್ಲಿ ಅದ್ದಿ ನೋಡಲಿ. ಎಷ್ಟು ಸಲ ಎತ್ತಿ ಸುರಿದರೆ 60ಕ್ಕೆ ಇಳಿಯುತ್ತದೆಂಬುದು ಒಂದು ವಾರದೊಳಗೆ ಅವರ ಕೈಗೆ ತಿಳಿಯುತ್ತದೆ. ಗಿರಾಕಿ ಕೇಳಲಿ ಬಿಡಲಿ, ಲೋಟದೊಡನೆ ಬಟ್ಟಲು ಬರಲಿ. ತೊಳೆಯಲು ಇನ್ನೊಂದು ಪಾತ್ರೆ ಹೆಚ್ಚಾಯಿತೆನ್ನುವವರು ಅದರ ಖರ್ಚನ್ನು ಕಾಫಿಯ ಬೆಲೆಗೆ ಸೇರಿಸಿಕೊಳ್ಳಲಿ. ಅದನ್ನು ಕೊಡಲು ನಾನು ಸಿದ್ಧನಿದ್ದೇನೆ.