ಬೆಳಿಗ್ಗೇನೆ ಎತ್ತು ಓಡಿಸಬೇಡ

ನನಗೆ 29 ವರ್ಷ ಇದ್ದಾಗ ಆಫೀಸಿನ ಹೆಲ್ತ್ ಚೆಕಪ್ ರಿಪೋರ್ಟ್ ಮೊಬೈಲಿಗೆ ಬಂತು. ಎಚ್‌ಬಿಎ1ಸಿ 6.1. ಅಂದ್ರೆ ಹಿಂದಿನ ಎರಡು ಮೂರು ತಿಂಗಳಲ್ಲಿ ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳೋ ಲೆಕ್ಕ. 5.7ರಿಂದ 6.4ರವರೆಗೆ ಇದ್ರೆ ಪ್ರಿಡಯಾಬಿಟಿಸ್, 6.5 ಮುಟ್ಟಿದ್ರೆ ಸಕ್ಕರೆ ಕಾಯಿಲೆ. ನಮ್ಮಪ್ಪನಿಗೆ ಶುಗರ್ ಬಂದಿದ್ದು 48ಕ್ಕೆ. ನಾನು ಅವರಿಗಿಂತ 19 ವರ್ಷ ಮೊದಲೇ ಅದೇ ಬಾಗಿಲಲ್ಲಿ ನಿಂತಿದ್ದೆ.

ನಮ್ಮೂರು ಪಾಂಡವಪುರ ತಾಲ್ಲೂಕು, ನಾಲೆ ಪಕ್ಕದ ಹಳ್ಳಿ. ಕಂಪನಿ ಬೆಂಗಳೂರಲ್ಲಿ. ವಾರಕ್ಕೆ ಮೂರು ದಿನ ಮನೆಯಿಂದ ಕೆಲಸ, ಎರಡು ದಿನ ರೈಲು. ಅಪ್ಪ ಆಗಿನ್ನೂ ಗದ್ದೆಗೆ ಹೋಗ್ತಿದ್ರು, ನಾನು ಕುರ್ಚಿ ಬಿಟ್ಟು ಏಳ್ತಿರಲಿಲ್ಲ. ಎಲ್ಲಿ ತಪ್ಪಿದೆ ಅನ್ನೋದಕ್ಕೆ ಡಾಕ್ಟರೇ ಬೇಕಿರಲಿಲ್ಲ.

ಆಮೇಲೆ ಎಲ್ಲ ಇಂಜಿನಿಯರ್‌ಗಳು ಮಾಡೋದನ್ನೇ ನಾನೂ ಮಾಡಿದೆ. ಸ್ಮಾರ್ಟ್‌ವಾಚ್ ತಗೊಂಡೆ, ಎಕ್ಸೆಲ್ ಶೀಟ್ ಮಾಡಿದೆ. ದಿನಾ ಬೆಳಿಗ್ಗೆ ಬೈಕಲ್ಲಿ ಶ್ರೀರಂಗಪಟ್ಟಣಕ್ಕೆ ಹೋಗಿ ಕೋಟೆಯಿಂದ ದರಿಯಾ ದೌಲತ್, ಗುಂಬಜ್ ದಾಟಿ ಸಂಗಮದವರೆಗೆ ಓಟ. ಪ್ರತಿದಿನ ನಿನ್ನೆಗಿಂತ ಜೋರಾಗಿ ಓಡಬೇಕು ಅನ್ನೋದು ನನ್ನ ನಿಯಮ. ಎದೆಬಡಿತ 170ರ ಮೇಲೇ ಇರ್ತಿತ್ತು. ಮುದ್ದೆ ಬಿಟ್ಟೆ, ರಾತ್ರಿ ಬರೀ ಸೌತೆಕಾಯಿ. ಹನ್ನೊಂದು ಗಂಟೆಗೆ ಹಸಿವು ತಡೀಲಾರದೆ ಬಿಸ್ಕತ್ ಪ್ಯಾಕೆಟ್ ಖಾಲಿ. ಆರನೇ ವಾರಕ್ಕೆ ಮೊಣಕಾಲಿನ ಕೆಳಗೆ, ಮುಂಭಾಗದ ಮೂಳೆ ಉದ್ದಕ್ಕೂ ನೋವು ಶುರುವಾಯ್ತು. ಒಂದು ತಿಂಗಳು ಓಟ ಬಂದ್.

ಜಗಲಿ ಮೇಲೆ ಐಸ್ ಇಟ್ಕೊಂಡು ಕೂತಿದ್ದಾಗ ಅಪ್ಪ ನೋಡಿ ಹೇಳಿದ್ರು: "ಬೆಳಿಗ್ಗೇನೆ ಎತ್ತು ಓಡಿಸ್ಬುಟ್ರೆ ಮಧ್ಯಾಹ್ನಕ್ಕೆ ಅವು ನೊಗ ಎಳೀತಾವೇನ್ಲಾ? ಮಾತಾಡಕ್ಕಾಗ್ದಂಗೆ ಓಡೋದು ಎಂಥಾ ಓಟ್ಲಾ ಅದು?"

ಆಗ ನಕ್ಕುಬಿಟ್ಟೆ. ಆಮೇಲೆ ಓದೋಕೆ ಕೂತಾಗ ಗೊತ್ತಾಯ್ತು, ಅಪ್ಪ ಹೇಳಿದ್ದೇ ಕ್ರೀಡಾ ವಿಜ್ಞಾನ.

ನಾರ್ವೆಯಲ್ಲಿ ನೆಲೆಸಿರುವ ಸ್ಟೀಫನ್ ಸೈಲರ್ ಅನ್ನೋ ವಿಜ್ಞಾನಿ, ದೂರದ ಓಟ, ಸ್ಕೀಯಿಂಗ್, ದೋಣಿ ಓಟದ ದೊಡ್ಡ ದೊಡ್ಡ ಆಟಗಾರರು ಹೇಗೆ ತರಬೇತಿ ಮಾಡ್ತಾರೆ ಅಂತ ನೋಡಿದ್ರು. ಹತ್ತರಲ್ಲಿ ಸುಮಾರು ಎಂಟು ದಿನ ಅವರು ಆರಾಮಾಗಿ, ನಿಧಾನಕ್ಕೆ ಮಾಡ್ತಾರೆ. ಜೋರಾಗಿ ಮಾಡೋದು ಎರಡೇ ದಿನ. ಅದಕ್ಕೇ ಇದನ್ನ 80/20 ಅಂತಾರೆ. ನಾನು ಮಾಡ್ತಿದ್ದದ್ದು ಇದಕ್ಕೆ ಪೂರ್ತಿ ಉಲ್ಟಾ.

ನಿಧಾನಕ್ಕೆ ಓಡಿದ್ರೆ ಏನು ಲಾಭ? ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚಾಗ್ತವೆ, ಕೊಬ್ಬನ್ನ ಇಂಧನವಾಗಿ ಬಳಸೋ ಶಕ್ತಿ ಬೆಳೆಯುತ್ತೆ, ಸಕ್ಕರೆಯನ್ನ ರಕ್ತದಿಂದ ಎಳೆದುಕೊಳ್ಳೋದು ಸ್ನಾಯುಗಳಿಗೆ ಸುಲಭ ಆಗುತ್ತೆ. ಇನ್ನೊಂದು ವಿಷಯ: ಉಸಿರು ಕೆಲವೇ ವಾರದಲ್ಲಿ ಸುಧಾರಿಸುತ್ತೆ, ಆದರೆ ಮೂಳೆ ಮತ್ತು ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಟ್ಟಲೆ ಬೇಕು. ಉಸಿರು ಸರಿಯಾಯ್ತು ಅಂತ ಕಾಲಿಗೆ ಭಾರ ಹಾಕಿದ್ದೇ ನಾನು ಮಾಡಿದ ತಪ್ಪು.

ಎಷ್ಟು ನಿಧಾನ? ಒಂದು ಲೆಕ್ಕ ಇದೆ. ವಯಸ್ಸನ್ನ 0.7ರಿಂದ ಗುಣಿಸಿ, 208ರಲ್ಲಿ ಕಳೆಯಿರಿ. 30 ವರ್ಷದವರಿಗೆ 187 ಬರುತ್ತೆ. ಇದು ಎದೆಬಡಿತದ ಗರಿಷ್ಠ ಮಿತಿಯ ಅಂದಾಜು. ಅದರ ಮುಕ್ಕಾಲು ಪಾಲು, ಅಂದ್ರೆ 140ರ ಒಳಗಿದ್ರೆ ಆರಾಮ. ಇದು ಸರಾಸರಿ ಲೆಕ್ಕ, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಹೆಚ್ಚು ಕಡಿಮೆ ಆಗಬಹುದು. ವಾಚ್ ಇಲ್ವಾ? ಅಪ್ಪನ ಲೆಕ್ಕ ಸಾಕು: ಓಡ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗಬೇಕು.

ನನ್ನ ವಾರ ಈಗ ಹೀಗಿದೆ. ಮೂರು ದಿನ 40 ನಿಮಿಷ ಆರಾಮದ ಓಟ, ಮಧ್ಯೆ ನಡೆದ್ರೂ ನಾಚಿಕೆ ಇಲ್ಲ. ಒಂದು ದಿನ ಕರಿಘಟ್ಟದ ಮೆಟ್ಟಿಲು, ಅವತ್ತು ಮಾತ್ರ ಏದುಸಿರು. ಭಾನುವಾರ ಸೈಕಲ್, ದೂರ ಜಾಸ್ತಿ, ವೇಗ ಕಡಿಮೆ. ವಾರಕ್ಕೆ ಎರಡು ಸಲ 20 ನಿಮಿಷ ಬಸ್ಕಿ, ದಂಡ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಮಾಡಿ ಅನ್ನುತ್ತೆ. ಇಷ್ಟು ಮಾಡಿದ್ರೆ ಅದು ಮುಗಿದ ಹಾಗೇ.

ಊಟಕ್ಕೆ ಬರ್ತೀನಿ. ಮುದ್ದೆ ವಾಪಸ್ ಬಂತು, ಆದ್ರೆ ಎರಡರ ಬದಲು ಒಂದು. ರಾಗಿ ಒಳ್ಳೇದು, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಗಂತ ಅದೂ ಪಿಷ್ಟವೇ, ದೊಡ್ಡ ಮುದ್ದೆ ನುಂಗಿದ್ರೆ ಶುಗರ್ ಏರೇ ಏರುತ್ತೆ. ನಮ್ಮ ತಟ್ಟೆಯಲ್ಲಿ ಕಡಿಮೆ ಇರೋದು ಪ್ರೋಟೀನ್. ವ್ಯಾಯಾಮ ಮಾಡೋರಿಗೆ ಒಂದು ಕಿಲೋ ತೂಕಕ್ಕೆ 1.2 ಗ್ರಾಂ ಆದ್ರೂ ಇರಲಿ. ನನ್ನ 72 ಕಿಲೋಗೆ 86 ಗ್ರಾಂ ಆಯ್ತು. ಹುರುಳಿಕಾಳಿನಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಬಸ್ಸಾರು ಮಾಡಿದಾಗ ಸಾರು ಮಾತ್ರ ಹಾಕಿಸ್ಕೊಂಡು ಪಲ್ಯ ಬಿಡೋರು ನೀವಾಗಿದ್ರೆ, ಪಲ್ಯ ಎರಡು ಸಲ ಹಾಕಿಸ್ಕೊಳ್ಳಿ. ಜೊತೆಗೆ ಎರಡು ಮೊಟ್ಟೆ, ಮೊಸರು, ಒಂದು ಹಿಡಿ ಕಡ್ಲೆಕಾಯಿ.

ಇಷ್ಟೆಲ್ಲ ಕಲಿತ ಮೇಲೂ ಒಂದು ಸಲ ಎಡವಿದೆ. ಎಂಟು ತಿಂಗಳ ತರಬೇತಿ ಆದ್ಮೇಲೆ, ಒಂದು ಭಾನುವಾರ ನಾಲ್ಕು ತಾಲ್ಲೂಕು ಸುತ್ತೋಣ ಅಂತ ಹೊರಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಮೇಲುಕೋಟೆ, ನಾಗಮಂಗಲ, ಕೆ.ಆರ್. ಪೇಟೆ, ಮತ್ತೆ ವಾಪಸ್. ಸುಮಾರು 150 ಕಿಲೋಮೀಟರ್. ಕಬ್ಬು, ಭತ್ತದ ಹಸಿರಲ್ಲಿ ತಂಪಾಗಿ ಶುರುವಾಯ್ತು. ಮೇಲುಕೋಟೆ ಏರಿನಲ್ಲಿ ಯಾರೋ ಹುಡುಗರು ನನ್ನ ದಾಟಿ ಹೋದ್ರು. ಸುಮ್ನಿರಬೇಕಿತ್ತು. ಅವರ ಹಿಂದೆ ಬಿದ್ದೆ. ನಾಗಮಂಗಲದಲ್ಲಿ ಬರೀ ಟೀ ಕುಡಿದು ಮುಂದೆ ಹೊರಟೆ.

ಕೆ.ಆರ್. ಪೇಟೆ ಇನ್ನೂ ದೂರ ಇತ್ತು. ಬಿಸಿಲು ನೆತ್ತಿಗೆ ಬಂದಿತ್ತು. ಇದ್ದಕ್ಕಿದ್ದಂತೆ ಕೈ ನಡುಗಿತು, ತಲೆ ಹಗುರ ಆಯ್ತು, ಪೆಡಲ್ ತುಳಿಯೋಕೆ ಆಗ್ತಿಲ್ಲ. ನಮ್ಮ ಸ್ನಾಯು ಮತ್ತು ಯಕೃತ್ತಿನಲ್ಲಿ ಕೂಡಿಟ್ಟಿರೋ ಸಕ್ಕರೆ ಸುಮಾರು 400-500 ಗ್ರಾಂ ಅಷ್ಟೇ. ಜೋರಾಗಿ ತುಳಿದ್ರೆ ಎರಡು ಗಂಟೆಯಲ್ಲಿ ತಳ ಕಾಣುತ್ತೆ. ರಸ್ತೆ ಬದಿ ಪೆಟ್ಟಿಗೆ ಅಂಗಡಿಯ ಅಜ್ಜಿ ನನ್ನ ಮುಖ ನೋಡಿ ಏನೂ ಕೇಳಲಿಲ್ಲ. ನಾಲ್ಕು ಬಾಳೆಹಣ್ಣು, ಒಂದು ಅಚ್ಚು ಬೆಲ್ಲ, ಚೊಂಬು ನೀರು ಮುಂದಿಟ್ಟು "ಕೂತ್ಕೋ ಮಗ" ಅಂದ್ರು.

ಒಂದು ಗಂಟೆ ಮೀರಿದ ಸವಾರಿಗೆ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಹೊಟ್ಟೆಗೆ ಬೀಳಬೇಕು. ಎರಡು ಏಲಕ್ಕಿ ಬಾಳೆ, ಸಣ್ಣ ತುಂಡು ಬೆಲ್ಲ ಸಾಕು. ಇದೇ ಬೆಲ್ಲ ಕುರ್ಚಿ ಮೇಲೆ ಕೂತು ತಿಂದ್ರೆ ಮಾತ್ರ ಸಕ್ಕರೆಗಿಂತ ಏನೂ ಮೇಲಲ್ಲ.

ಕೆ.ಆರ್. ಪೇಟೆಯಲ್ಲಿ ಅನ್ನ, ಮಜ್ಜಿಗೆ ಉಂಡು ನಿಧಾನಕ್ಕೆ ಹೊರಟೆ. ಚಿನಕುರಳಿ ಹತ್ತಿರ ಕತ್ತಲಾಗ್ತಾ ಬಂತು. ಮುಂದೆ ಮನೆಗೆ ನಾಲೆ ದಾರಿ. 2018ರ ನವೆಂಬರ್ 24ರಂದು ನಮ್ಮ ತಾಲ್ಲೂಕಿನ ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದದ್ದು ಇಲ್ಲಿ ಯಾರೂ ಮರೆತಿಲ್ಲ. ಸುಸ್ತಾದ ಕಾಲು, ಕತ್ತಲೆ, ನಾಲೆ ಏರಿ, ಈ ಮೂರು ಒಟ್ಟಿಗೆ ಬೇಡ ಅಂತ ಮನೆಗೆ ಫೋನ್ ಮಾಡಿದೆ. ಚಿಕ್ಕಪ್ಪನ ಮಗ ಟಾಟಾ ಏಸ್ ತಂದ. ಮುಂದಿನ ಸೀಟಲ್ಲಿ ಅಪ್ಪ. ಸೈಕಲ್ ಹಿಂದೆ ಹಾಕಿದೆ. ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ ಕೇಳಿದ್ರು, "ಎತ್ತು ಓಡಿಸ್ದಾ?"

"ಹೂಂ ಅಪ್ಪ."

ಆ ಸುತ್ತು ಇನ್ನೂ ಪೂರ್ತಿ ಆಗಿಲ್ಲ. ಆದ್ರೆ ಎರಡು ತಿಂಗಳ ನಂತರದ ರಿಪೋರ್ಟಲ್ಲಿ ಎಚ್‌ಬಿಎ1ಸಿ 5.6 ಬಂತು. ಗೆರೆಯಿಂದ ಒಂದೇ ಹೆಜ್ಜೆ ಈಚೆ, ಅಷ್ಟೇ. ಬಿಟ್ರೆ ಮತ್ತೆ ಆಚೆ. ಅದನ್ನ ಅಪ್ಪನಿಗೆ ತೋರಿಸಿದ ರಾತ್ರಿ, ಊಟ ಆದ್ಮೇಲೆ ಅವರೇ ಚಪ್ಪಲಿ ಮೆಟ್ಟಿ "ಬಾ, ಒಂದು ಸುತ್ತು ಹೋಗನ" ಅಂದ್ರು. ಈಗ ದಿನಾ ಉಂಡ ಮೇಲೆ 15 ನಿಮಿಷ ಊರ ಬೀದಿಯಲ್ಲಿ ಇಬ್ಬರೂ ನಡೀತೀವಿ. ಊಟದ ನಂತರದ ನಡಿಗೆ ಆಗ ಏರೋ ಸಕ್ಕರೆಯನ್ನ ತಗ್ಗಿಸುತ್ತೆ. ಅಪ್ಪ ಮಾತ್ರೆ ತಗೊಳ್ಳೋದ್ರಿಂದ ನಡಿಗೆ ಜಾಸ್ತಿ ಮಾಡೋ ಮೊದಲು ಡಾಕ್ಟರ್ ಹತ್ರ ಹೋಗಿ ಕೇಳಿದ್ವಿ. ನಿಮ್ಮ ಮನೇಲಿ ಮಾತ್ರೆ, ಇನ್ಸುಲಿನ್ ತಗೊಳ್ಳೋರಿದ್ರೆ ನೀವೂ ಕೇಳಿ. ಸಕ್ಕರೆ ತೀರಾ ಇಳಿದ್ರೂ ಅಪಾಯವೇ.

ಈ ಭಾನುವಾರ ಒಂದು ಕೆಲಸ ಮಾಡಿ. ವಾಚ್ ಮನೇಲಿ ಬಿಟ್ಟು, ಯಾರನ್ನಾದ್ರೂ ಜೊತೆಗೆ ಕರ್ಕೊಂಡು ಅರ್ಧ ಗಂಟೆ ಓಡಿ. ಮಾತು ನಿಂತ್ರೆ ವೇಗ ಇಳಿಸಿ. ಅಷ್ಟೇ.