ದಾಸೋಹವೋ, ದಾನದ ದರ್ಪವೋ?



ದಾನ ಮತ್ತು ದಾಸೋಹ ಎಂಬ ಎರಡು ಪದಗಳನ್ನು ನಾವು ಒಂದೇ ಅರ್ಥದಲ್ಲಿ ಬಳಸುತ್ತ ಬಂದಿದ್ದೇವೆ. ಬಸವಾದಿ ಶರಣರು ಹಾಗೆ ಬಳಸಲಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನ ಕೈಯಲ್ಲಿರುವ ಧನ ತನ್ನದಲ್ಲ, ಅದು ಸಮಾಜದ್ದು. ಅದನ್ನು ಸಲ್ಲಬೇಕಾದಲ್ಲಿಗೆ ಸಲ್ಲಿಸುವ ಹೊಣೆಯಷ್ಟೇ ತನ್ನದು ಎಂಬ ಭಾವ ಅಲ್ಲಿಯದು. ಹೆಸರನ್ನು ಬೆಳಕಿಗಿಂತ ದೊಡ್ಡದಾಗಿ ಬರೆಯಿಸಿ ಟ್ಯೂಬ್‌ಲೈಟ್ ಕೊಡುವುದು ದಾನವಾದೀತು, ದಾಸೋಹವಾಗದು.

ಈ ಭೇದವನ್ನು ಇಂದು ನೆನೆಯಬೇಕಾದ ಕಾರಣವಿದೆ. ಕೋಟಿಗಟ್ಟಲೆ ಹಣವನ್ನು ಸಮಾಜಸೇವೆಗೆ ಹಂಚುವ ಪ್ರತಿಷ್ಠಾನಗಳು, ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಸಮಿತಿಗಳು ಈಗ ನಮ್ಮ ನಡುವೆ ಇವೆ. ಅವುಗಳಲ್ಲಿ ಅಧಿಕಾರಿಗಳಾಗಿ, ಲೆಕ್ಕಪರಿಶೋಧಕರಾಗಿ, ಧರ್ಮದರ್ಶಿಗಳಾಗಿ ಕುಳಿತ ಸದ್ಭಕ್ತರೂ ಇದ್ದಾರೆ. ಅವರೆಲ್ಲರ ಮುಂದೆ ಒಂದು ಮಾತನ್ನು ನಿಷ್ಠುರವಾಗಿಯೇ ಇಡಬೇಕಾಗಿದೆ. ಸೇವೆಯನ್ನು ಮೆಚ್ಚಿ ಹಣ ಕೊಟ್ಟು, ಆ ಸೇವೆಯನ್ನು ಮಾಡುವವರ ಸಂಬಳವನ್ನು ಮಾತ್ರ ಕತ್ತರಿಸುವ ಪದ್ಧತಿ ದಾಸೋಹವಲ್ಲ. ಅದು ಕಾಯಕಕ್ಕೆ ಬಗೆಯುವ ದ್ರೋಹ.

2013ರ ಕಂಪನಿ ಕಾಯ್ದೆಯ 135ನೆಯ ಕಲಮು 2014ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, ಅಥವಾ 1000 ಕೋಟಿ ವಹಿವಾಟು, ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದನ್ನು ಮುಟ್ಟಿದ ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಸಮಾಜಕ್ಕೆ ವಿನಿಯೋಗಿಸಬೇಕೆಂದು ಅದು ವಿಧಿಸಿತು. ಅದರ ನಿಯಮಗಳಲ್ಲಿ ಆಡಳಿತ ವೆಚ್ಚ ಶೇಕಡಾ 5ನ್ನು ಮೀರಬಾರದೆಂಬ ಮಿತಿಯೂ ಇದೆ. ಈ ಮಿತಿ ಯಾರಿಗೆ? 2021ರ ಜನವರಿಯಲ್ಲಿ ತಿದ್ದುಪಡಿಯಾದ ನಿಯಮಗಳು ಅದನ್ನು ಸ್ಪಷ್ಟಪಡಿಸಿವೆ. ಈ ಕಾರ್ಯವನ್ನು ನಿರ್ವಹಿಸಲು ಕಂಪನಿಯು ತನ್ನಲ್ಲಿ ಮಾಡಿಕೊಳ್ಳುವ ಸಾಮಾನ್ಯ ಆಡಳಿತ ವೆಚ್ಚಕ್ಕೆ ಆ ಮಿತಿ. ಹಳ್ಳಿಯಲ್ಲಿ ನಿಂತು ದುಡಿಯುವ ಸೇವಾಸಂಸ್ಥೆಗೆ ಹಾಕಿದ ಕಟ್ಟಲ್ಲ ಅದು. ಹೀಗಿದ್ದೂ ಎಷ್ಟೋ ಕಂಪನಿಗಳು ತಮಗೆ ವಿಧಿಸಿದ ಮಿತಿಯನ್ನು ಸಂಸ್ಥೆಗಳ ಕೊರಳಿಗೆ ಕಟ್ಟುತ್ತವೆ. ಕೇಳಿದರೆ ಕಾನೂನೇ ಹಾಗಿದೆ ಎನ್ನುತ್ತವೆ.

ಇದರ ಫಲವೇನೆಂದು ಲೆಕ್ಕ ಹಾಕಿ ನೋಡೋಣ. ಒಂದು ಸಂಸ್ಥೆಗೆ ವರ್ಷಕ್ಕೆ 20 ಲಕ್ಷ ರೂಪಾಯಿ ಅನುದಾನ ಬಂದಿತೆನ್ನಿ. ಅದರ ಶೇಕಡಾ 5 ಎಂದರೆ 1 ಲಕ್ಷ. ತಿಂಗಳಿಗೆ ಎಂಟು ಸಾವಿರದ ಮುನ್ನೂರು ಚಿಲ್ಲರೆ. ಕಚೇರಿಯ ಬಾಡಿಗೆ, ವಿದ್ಯುತ್ತು, ದೂರವಾಣಿ, ಲೆಕ್ಕ ಬರೆಯುವವನ ಸಂಬಳ, ವರ್ಷಾಂತ್ಯದ ಲೆಕ್ಕಪರಿಶೋಧನೆ ಇಷ್ಟೂ ಅದರಲ್ಲಿಯೇ ಆಗಬೇಕು. ಆಗುವುದಿಲ್ಲ. ಆಗ ಸಂಸ್ಥೆಗೆ ಉಳಿಯುವ ದಾರಿ ಎರಡೇ. ಆ ಖರ್ಚನ್ನು ಬೇರೊಂದು ಬಾಬಿನಲ್ಲಿ ಅಡಗಿಸಿ ಸುಳ್ಳು ಲೆಕ್ಕ ಬರೆಯಬೇಕು, ಇಲ್ಲವೇ ಕಾರ್ಯಕರ್ತರಿಗೆ ಅರೆಹೊಟ್ಟೆಯ ಸಂಬಳ ಕೊಡಬೇಕು. ಪ್ರಾಮಾಣಿಕನಿಗೆ ಉಪವಾಸ, ಸುಳ್ಳುಗಾರನಿಗೆ ಅನುದಾನ ಎಂಬ ವ್ಯವಸ್ಥೆಯನ್ನು ಕಟ್ಟಿದವರು ಕೊನೆಗೆ ಸೇವಾಸಂಸ್ಥೆಗಳಲ್ಲಿ ಪ್ರಾಮಾಣಿಕತೆ ಇಲ್ಲವೆಂದು ನಿಟ್ಟುಸಿರು ಬಿಡುವುದು ವಿಪರ್ಯಾಸವಲ್ಲವೇ?

ಯಂತ್ರಕ್ಕೆ ಕೊಡುತ್ತೇವೆ, ಮನುಷ್ಯನಿಗೆ ಕೊಡುವುದಿಲ್ಲ ಎಂಬ ಈ ಹಟದ ಕುರುಹುಗಳು ಕಣ್ಣ ಮುಂದೆಯೇ ಇವೆ. ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನಮ್ಮ ನಾಡಿನ ಎಷ್ಟೋ ಹಳ್ಳಿಗಳಲ್ಲಿ ಕಾಣಬಹುದು. ಘಟಕಕ್ಕೆ ಹಣವಿತ್ತು, ಉದ್ಘಾಟನೆಯ ಫಲಕಕ್ಕೂ ಹಣವಿತ್ತು. ಅದನ್ನು ನೋಡಿಕೊಳ್ಳುವವನ ಸಂಬಳಕ್ಕೆ, ಸವೆದ ಭಾಗವನ್ನು ಬದಲಿಸುವುದಕ್ಕೆ ಇರಲಿಲ್ಲ.

ಈ ದೋಷ ನಮ್ಮ ನಾಡಿಗಷ್ಟೇ ಸೀಮಿತವಲ್ಲ. 2006ರಲ್ಲಿ ಅಮೆರಿಕದ ಕೇಸ್ ಫೌಂಡೇಶನ್, ಅಲ್ಲಿನ ಸರ್ಕಾರ ಮತ್ತಿತರರು ಸೇರಿ ಆಫ್ರಿಕದ ಹಳ್ಳಿಗಳಿಗೆ ಪ್ಲೇಪಂಪ್ ಎಂಬ ಯಂತ್ರವನ್ನು ಒದಗಿಸಲು 1 ಕೋಟಿ 64 ಲಕ್ಷ ಡಾಲರುಗಳ ನೆರವನ್ನು ಘೋಷಿಸಿದರು. ಮಕ್ಕಳು ಸುತ್ತಾಟದ ಆಟವಾಡಿದರೆ ಭೂಮಿಯಿಂದ ನೀರು ಮೇಲೆ ಬರುತ್ತದೆಂಬುದು ಅದರ ಕಲ್ಪನೆ. ಚಿತ್ರದಲ್ಲಿ ಅದು ಬಹು ಚೆಂದವಾಗಿತ್ತು. ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರೇ ಆ ಭಾರದ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಕೆಟ್ಟ ಯಂತ್ರಗಳು ರಿಪೇರಿಗಾಗಿ ಕಾದು ನಿಂತವು. ನೀರು ಸೇದುವ ತಾಯಂದಿರನ್ನು ಮೊದಲೇ ಕೇಳಿದ್ದರೆ ಇದು ತಿಳಿಯುತ್ತಿತ್ತು. 2010ರಲ್ಲಿ ಆ ಪ್ರತಿಷ್ಠಾನವು ಗುರಿ ತಲುಪಲಾಗಲಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡಿತು. ಹಾಗೆ ಒಪ್ಪಿಕೊಳ್ಳುವ ಧೈರ್ಯ ನಮ್ಮ ದಾನಿಗಳಲ್ಲಿ ಎಷ್ಟು ಜನಕ್ಕಿದೆ?

ಸೇವೆಗೆ ಬಂದವರು ಸಂಬಳ ಕೇಳಬಹುದೇ, ತ್ಯಾಗ ಮಾಡಬೇಡವೇ ಎಂದು ಕೆಲವರು ಆಕ್ಷೇಪಿಸುತ್ತಾರೆ. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಕಟ್ಟಿದ ಸಪ್ತರ್ಷಿಗಳನ್ನು ಅವರು ಉದಾಹರಿಸುತ್ತಾರೆ. ಆ ಏಳು ಮಂದಿ ಶಿಕ್ಷಕರ ತ್ಯಾಗಕ್ಕೆ ನಾವು ತಲೆಬಾಗುತ್ತೇವೆ. ಆದರೆ ಆ ತ್ಯಾಗವನ್ನು ಅವರು ತಾವಾಗಿ ಆರಿಸಿಕೊಂಡರು. ತ್ಯಾಗವು ತ್ಯಾಗಿಯ ಸ್ವತ್ತು. ಹಣವುಳ್ಳವನು ಕರಾರುಪತ್ರದ ಷರತ್ತಾಗಿ ಮತ್ತೊಬ್ಬನಿಂದ ಅದನ್ನು ವಸೂಲು ಮಾಡಿದರೆ ಅದಕ್ಕೆ ಶೋಷಣೆ ಎಂದೇ ಹೆಸರು. ತಾನು ಲಕ್ಷಗಟ್ಟಲೆ ಸಂಬಳ ಪಡೆಯುವ ಅಧಿಕಾರಿ, ಅಂಗನವಾಡಿಯ ಮಕ್ಕಳಿಗೆ ಪಾಠ ಹೇಳುವ ಹೆಣ್ಣುಮಗಳಿಗೆ ತ್ಯಾಗವನ್ನು ಬೋಧಿಸುವುದು ಯಾವ ನೀತಿ?

ಮಿತಿ ಇಲ್ಲದಿದ್ದರೆ ಹಣ ಪೋಲಾಗುವುದಿಲ್ಲವೇ ಎಂಬುದು ಎರಡನೆಯ ಆಕ್ಷೇಪ. ಇದು ಅಲ್ಲಗಳೆಯುವ ಮಾತಲ್ಲ. ಸೇವೆಯ ಹೆಸರಿನಲ್ಲಿ ಕಾರು ಬಂಗಲೆ ಮಾಡಿಕೊಂಡವರಿದ್ದಾರೆ. ಆದರೆ ಕಳ್ಳನನ್ನು ಹಿಡಿಯುವುದು ತೆರೆದ ಲೆಕ್ಕ, ಶೇಕಡಾವಾರು ಅಲ್ಲ. ಕಳ್ಳನಾದವನು ಶೇಕಡಾ 5ರೊಳಗೇ ಚೆಂದದ ಲೆಕ್ಕ ತೋರಿಸಬಲ್ಲ. ಪಾತ್ರಾಪಾತ್ರ ವಿವೇಕ ಬೇಕಾದುದು ಕೊಡುವ ಮುನ್ನ. ಅಮೆರಿಕದ ಮೆಕೆಂಜಿ ಸ್ಕಾಟ್ ಅವರು 2020ರಿಂದ ಕೊಡುತ್ತಿರುವ ಕ್ರಮವನ್ನು ನೋಡಿ. ಸಂಸ್ಥೆಯ ಕೆಲಸವನ್ನು ಮೊದಲು ಪರಿಶೀಲಿಸಿ, ಆಮೇಲೆ ಇಂಥದ್ದಕ್ಕೇ ಖರ್ಚು ಮಾಡಬೇಕೆಂಬ ಕಟ್ಟಳೆ ಇಲ್ಲದೆ ಹಣ ಕೊಡುತ್ತಾರೆ. 2021ರ ಜೂನ್ ತಿಂಗಳಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮ ದೇಶದ ಗೂಂಜ್, ಜನ ಸಾಹಸ್ ಸಂಸ್ಥೆಗಳೂ ಇದ್ದವು.

ದೂರದ ಮಾತೇಕೆ, ನಮ್ಮವರೇ ಆದ ಸಿರಸಂಗಿ ಲಿಂಗರಾಜರನ್ನು ನೆನೆಯಿರಿ. 1906ರಲ್ಲಿ ಲಿಂಗೈಕ್ಯರಾದ ಅವರು ಸಂಸ್ಥಾನದ ಆಸ್ತಿಯನ್ನು ಉಯಿಲಿನ ಮೂಲಕ ಸಮಾಜದ ಮಕ್ಕಳ ಶಿಕ್ಷಣಕ್ಕೆ ಬಿಟ್ಟರು. ಒಂದು ವರ್ಷಕ್ಕಲ್ಲ, ತಲೆಮಾರುಗಳಿಗೆ. ಆ ವಿದ್ಯಾರ್ಥಿವೇತನದಿಂದ ಓದಿ ಬೆಳೆದವರ ಬದುಕೇ ಅವರ ಶಿಲಾಫಲಕ. ಇಂದಿನ ಕರಾರುಗಳಾದರೋ ಮಾರ್ಚ್ ತಿಂಗಳಿಗೆ ಮುಗಿಯುತ್ತವೆ. ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ಮುಂದುವರಿಯುವ ಯೋಜನೆಗಳಿಗೆ ಕಾನೂನಿನಲ್ಲಿಯೇ ಅವಕಾಶವಿದೆ. ಆದರೂ ಏಪ್ರಿಲ್ ಬಂದಾಗ ಕೆಲಸ ಉಳಿಯುವುದೋ ಇಲ್ಲವೋ ಎಂದು ಕಾರ್ಯಕರ್ತರು ಚಿಂತಿಸುವ ಸ್ಥಿತಿ ತಪ್ಪಿಲ್ಲ. ಒಂದೇ ವರ್ಷದಲ್ಲಿ ಮಗು ಓದು ಕಲಿಯುವುದೇ? ಕುಡಿತಕ್ಕೆ ಬಿದ್ದವನು ಮೇಲೇಳುವನೇ?

ಆದುದರಿಂದ ಹಣ ಹಂಚುವ ಸ್ಥಾನದಲ್ಲಿರುವ ಸದ್ಭಕ್ತರು ನಾಲ್ಕು ನೇಮಗಳನ್ನು ಪಾಲಿಸಲಿ. ಕೆಲಸಕ್ಕೆ ನಿಜವಾಗಿ ತಗಲುವ ವೆಚ್ಚವನ್ನು, ಸಂಬಳ ಬಾಡಿಗೆ ಸಹಿತವಾಗಿ, ಪೂರ್ತಿ ಕೊಡಿ. ಕನಿಷ್ಠ ಮೂರು ವರ್ಷಗಳ ಮಾತು ಕೊಡಿ. ಏನು ಬೇಕೆಂಬುದನ್ನು ಫಲಾನುಭವಿಗಳ ಬಾಯಿಂದಲೇ ಕೇಳಿ. ಎಷ್ಟು ಜನರಿಗೆ ಹಂಚಿದಿರಿ ಎಂದು ಕೇಳುವ ಬದಲು ಯಾರ ಬದುಕು ಹೇಗೆ ಬದಲಾಯಿತು ಎಂದು ಕೇಳಿ; ಸೋತಾಗ ಸೋಲನ್ನು ಹೇಳುವ ಸ್ವಾತಂತ್ರ್ಯವನ್ನೂ ಕೊಡಿ.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಅದನ್ನು ಹಿಂದಿರುಗಿಸಿ ಬರುವಂತೆ ಹೇಳಿದ ಕಥೆ ನಮಗೆಲ್ಲ ತಿಳಿದಿದೆ. ಬೇಕಾದುದಕ್ಕಿಂತ ಒಂದು ಹಿಡಿ ಹೆಚ್ಚು ಬೇಡವೆಂದು ಆ ತಾಯಿ ಹೇಳಿದರು. ಕಾಯಕಕ್ಕೆ ತಕ್ಕುದಕ್ಕಿಂತ ಒಂದು ಹಿಡಿ ಕಡಿಮೆಯಾದರೂ ಅದು ಅಷ್ಟೇ ದೋಷವೆಂಬುದು ಆ ನೀತಿಯ ಇನ್ನೊಂದು ಮುಖ. ದುಡಿದವರ ಪಾಲಿನ ಆ ಹಿಡಿ ಅಕ್ಕಿಯನ್ನು ಕಿತ್ತುಕೊಂಡು ದಾನಿಯೆನಿಸಿಕೊಳ್ಳುವುದು ಬೇಡ.