ವಿದೇಶಯಾತ್ರೆಯೂ ಸರಕಾರದ ಸೂಚನೆಯೂ

ವಿದೇಶ ವ್ಯಾಸಂಗಕ್ಕೆ ಹೊರಡುವ ತರುಣರು ಉಪ್ಪಿನಕಾಯಿಯ ಭರಣಿಗೆ ಕೊಡುವಷ್ಟು ಗಮನವನ್ನೂ ಸರಕಾರದ ಪ್ರಯಾಣಸೂಚನೆಗಳಿಗೆ ಕೊಡುವುದಿಲ್ಲವೆಂದು ನಮಗೆ ತೋರುತ್ತದೆ. 2022ರ ಫೆಬ್ರವರಿ 15ರಂದು ಕೀವ್ ನಗರದ ಭಾರತೀಯ ರಾಯಭಾರ ಕಚೇರಿಯು, ಅಲ್ಲಿ ವಾಸ ಅತ್ಯಗತ್ಯವಲ್ಲದವರು, ವಿಶೇಷವಾಗಿ ವಿದ್ಯಾರ್ಥಿಗಳು, ತಾತ್ಕಾಲಿಕವಾಗಿ ಯುಕ್ರೇನನ್ನು ಬಿಡುವ ಯೋಚನೆ ಮಾಡಬಹುದೆಂದು ತಿಳಿಸಿತು. ಓದಲೆಂದೇ ಹೋದವನಿಗೆ ತನ್ನ ವಾಸ ಅನಗತ್ಯವೆಂದು ತೋರೀತೆ? ವಿಶ್ವವಿದ್ಯಾಲಯದ ಅಪ್ಪಣೆಗೆ ಕಾಯದೆ ಹೊರಡಿರೆಂಬ ಸ್ಪಷ್ಟವಾದ ಮಾತು ಬಂದುದು 22ರಂದು. 24ರಂದು ಯುದ್ಧ ತೊಡಗಿ ವಿಮಾನಸಂಚಾರ ನಿಂತಿತು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬನು ದಾಳಿಗೆ ಬಲಿಯಾದನು.

ರಾಜತಂತ್ರದ ಭಾಷೆ ಮೃದುವಾದುದು. ಅಲ್ಲಿ ‘ಬಹುದು’ ಎಂದಿದ್ದರೆ ನಮ್ಮ ವಿದ್ಯಾರ್ಥಿಗಳು ‘ಬೇಕು’ ಎಂದೇ ಓದಿಕೊಳ್ಳಲಿ. ತಲುಪಿದೊಡನೆ ತಮ್ಮ ಇರವನ್ನು ರಾಯಭಾರ ಕಚೇರಿಗೆ ತಿಳಿಸಲಿ. ಫೆಬ್ರವರಿ 15ರ ಸೂಚನೆಯಲ್ಲಿ ಅದನ್ನೂ ಕೇಳಲಾಗಿತ್ತು.